ಓದುಗರ ಪ್ರಶ್ನೆ, ವೈದ್ಯರ ಉತ್ತರ: ದಡಾರದ ಲಸಿಕೆ ಮತ್ತು ವಾಟ್ಸ್‌ಆ್ಯಪ್ ಸುದ್ದಿ

ಪ್ರಶ್ನೆ: ಮಗಳಿಗೆ ಒಂಬತ್ತು ತಿಂಗಳು ತುಂಬಿದೆ. ಗುರುವಾರ ದಡಾರ-ರುಬೆಲ್ಲಾ ಲಸಿಕೆಗೆ ಕರೆದುಕೊಂಡು ಬನ್ನಿ ಎಂದು ಆಶಾ ಕಾರ್ಯಕರ್ತೆ ಹೇಳಿ ಹೋಗಿದ್ದಾರೆ. ಅಷ್ಟರಲ್ಲಿ ನಮ್ಮ ಭಾವ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಕಳಿಸಿದ್ದಾರೆ. ಸಮೋವಾ ಎಂಬ ದೇಶದಲ್ಲಿ ಈ ಲಸಿಕೆ ಹಾಕಿದ ಕೂಡಲೇ ಮಕ್ಕಳು ಸತ್ತರೆಂದೂ, ಇದರಿಂದ ಆಟಿಸಂ ಬರುತ್ತದೆಂದೂ ಅದರಲ್ಲಿದೆ. ಅತ್ತೆಯವರು ಬೇಡವೇ ಬೇಡ ಎನ್ನುತ್ತಿದ್ದಾರೆ. ಏನು ಮಾಡಲಿ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಆ ಸಂದೇಶದಲ್ಲಿ ಒಂದು ಸಾಲು ನಿಜ. ಅದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು, ಏಕೆಂದರೆ ಎಲ್ಲವೂ ಸುಳ್ಳೆಂದು ತಳ್ಳಿಹಾಕಿದರೆ ನಿಮ್ಮ ಅತ್ತೆಯವರು ಆ ಒಂದು ನಿಜವನ್ನೇ ಹಿಡಿದು ಕೂರುತ್ತಾರೆ.

ಸಮೋವಾ ಪೆಸಿಫಿಕ್ ಸಾಗರದಲ್ಲಿರುವ, ಸುಮಾರು ಎರಡು ಲಕ್ಷ ಜನರ ಪುಟ್ಟ ದೇಶ. 2018ರ ಜುಲೈನಲ್ಲಿ ಅಲ್ಲಿ ದಡಾರ, ಮಂಗನಬಾವು ಮತ್ತು ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ ಹಾಕಿಸಿಕೊಂಡ ಎರಡು ಕೂಸುಗಳು ಸ್ವಲ್ಪ ಹೊತ್ತಿನಲ್ಲೇ ತೀರಿಕೊಂಡವು. ಈ ಲಸಿಕೆ ಸೀಸೆಯಲ್ಲಿ ಒಣ ಪುಡಿಯ ರೂಪದಲ್ಲಿರುತ್ತದೆ. ಅದರ ಜೊತೆಗೇ ಬರುವ ದ್ರಾವಣವನ್ನು ಬೆರೆಸಿ ಚುಚ್ಚಬೇಕು. ಆ ದಿನ ದಾದಿಯರು ದ್ರಾವಣದ ಬದಲು, ಅವಧಿ ಮೀರಿದ, ಸ್ನಾಯುಗಳನ್ನು ಸಡಿಲಿಸುವ ಅರಿವಳಿಕೆ ಔಷಧವನ್ನು ಬೆರೆಸಿದ್ದರು. ಮಕ್ಕಳನ್ನು ಕೊಂದದ್ದು ಲಸಿಕೆಯಲ್ಲ, ಆ ಔಷಧ. ಇಬ್ಬರು ದಾದಿಯರಿಗೂ ಐದು ವರ್ಷಗಳ ಸೆರೆವಾಸವಾಯಿತು.

ಸಂದೇಶ ಬರೆದವರು ಕಥೆಯನ್ನು ಅಲ್ಲಿಗೇ ನಿಲ್ಲಿಸಿದ್ದಾರೆ. ಮುಂದೆ ನಡೆದದ್ದು ಇನ್ನೂ ಘೋರವಾದದ್ದು. ಸರ್ಕಾರ ತನಿಖೆಗೆಂದು ತಿಂಗಳುಗಟ್ಟಲೆ ಲಸಿಕೆಯನ್ನೇ ನಿಲ್ಲಿಸಿತು. ಮತ್ತೆ ಆರಂಭಿಸುವ ಹೊತ್ತಿಗೆ ಲಸಿಕೆಯೇ ವಿಷವೆಂಬ ಪ್ರಚಾರ ಮನೆಮನೆ ತಲುಪಿತ್ತು. ಮೊದಲ ಡೋಸ್ ಪಡೆದ ಕೂಸುಗಳ ಪ್ರಮಾಣ ಶೇ 31ರ ಆಸುಪಾಸಿಗೆ ಕುಸಿಯಿತು. 2019ರ ಕೊನೆಯ ತಿಂಗಳುಗಳಲ್ಲಿ ದಡಾರ ಕಾಲಿಟ್ಟಾಗ 5,700ಕ್ಕೂ ಹೆಚ್ಚು ಜನರಿಗೆ ಕಾಯಿಲೆ ತಗುಲಿ 83 ಮಂದಿ ಸತ್ತರು. ಬಹುಪಾಲು ಐದು ವರ್ಷದೊಳಗಿನ ಮಕ್ಕಳು. ಡಿಸೆಂಬರ್‌ನಲ್ಲಿ ಸರ್ಕಾರ ಎರಡು ದಿನ ದೇಶದ ವ್ಯವಹಾರಗಳನ್ನೆಲ್ಲ ಮುಚ್ಚಿಸಿ, ಲಸಿಕೆ ಆಗದವರ ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಲು ಹೇಳಿ, ಆ ಗುರುತು ಹಿಡಿದು ತಂಡಗಳನ್ನು ಕಳಿಸಿತು. ಒಂದು ತಪ್ಪಿಗೆ ಇಬ್ಬರು ಮಕ್ಕಳು ಬಲಿಯಾದರೆ, ಆ ತಪ್ಪಿನ ಮೇಲೆ ಕಟ್ಟಿದ ಸುಳ್ಳಿನ ಲೆಕ್ಕ ಎಂಬತ್ತನ್ನು ದಾಟಿತು. ನಿಮ್ಮ ಅತ್ತೆಯವರಿಗೆ ಈ ಕಥೆಯನ್ನು ಕೊನೆಯವರೆಗೂ ಹೇಳಿ.

ಆಟಿಸಂ, ಅಂದರೆ ಮಗುವಿನ ಮಾತು ಮತ್ತು ಇತರರೊಡನೆ ಬೆರೆಯುವ ಬೆಳವಣಿಗೆ ಬೇರೆ ರೀತಿಯಲ್ಲಿ ಸಾಗುವ ಸ್ಥಿತಿಯ ವಿಷಯದಲ್ಲಿ ಇಷ್ಟು ಉದಾರವಾಗಿ ಮಾತನಾಡಬೇಕಾಗಿಲ್ಲ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ವೈದ್ಯ ಕೇವಲ 12 ಮಕ್ಕಳನ್ನು ಮುಂದಿಟ್ಟುಕೊಂಡು, ಈ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸುವ ಒಂದು ಪ್ರಬಂಧ ಪ್ರಕಟಿಸಿದ. ಲಸಿಕೆ ಕಂಪನಿಗಳ ವಿರುದ್ಧ ದಾವೆ ಹೂಡಲು ಹೊರಟಿದ್ದ ವಕೀಲರಿಂದ ಅವನು ಹಣ ಪಡೆದಿದ್ದು ಆಮೇಲೆ ಬಯಲಾಯಿತು. 2010ರಲ್ಲಿ, ಅದನ್ನು ಪ್ರಕಟಿಸಿದ್ದ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಬಂಧವನ್ನು ಹಿಂತೆಗೆದುಕೊಂಡಿತು, ಅವನ ವೈದ್ಯಕೀಯ ನೋಂದಣಿಯೂ ರದ್ದಾಯಿತು. 2019ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಅಧ್ಯಯನ 6,57,461 ಮಕ್ಕಳನ್ನು ಪರಿಶೀಲಿಸಿ, ಲಸಿಕೆಗೂ ಆಟಿಸಂಗೂ ಸಂಬಂಧವಿಲ್ಲವೆಂದು ತೋರಿಸಿದೆ. ಮಗು ಮಾತು ಕಲಿಯಬೇಕಾದ ವಯಸ್ಸಿನಲ್ಲೇ ಆಟಿಸಂನ ಲಕ್ಷಣಗಳು ಕಣ್ಣಿಗೆ ಬೀಳುತ್ತವೆ; ಲಸಿಕೆಯ ಎರಡನೇ ಡೋಸ್ ಕೊಡುವುದೂ ಅದೇ 16ರಿಂದ 24 ತಿಂಗಳೊಳಗೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದಂತೆ.

ಗುರುವಾರ ಹೋದಾಗ ಸಂಕೋಚಪಡದೆ ಸೀಸೆ ತೋರಿಸಿರೆಂದು ಕೇಳಿ. ಅದರ ಮೇಲೊಂದು ಸಣ್ಣ ವೃತ್ತ, ವೃತ್ತದೊಳಗೊಂದು ಚೌಕ ಇರುತ್ತದೆ. ಚೌಕದ ಬಣ್ಣ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಿಸಿಗೆ ಕೆಟ್ಟಿಲ್ಲವೆಂದು ಅರ್ಥ. ಪುಡಿ ಕಲಸಿದ ಹೊತ್ತನ್ನೂ ಕೇಳಿ, ನಾಲ್ಕು ಗಂಟೆ ಮೀರಿದ ಸೀಸೆಯನ್ನು ಬಳಸುವಂತಿಲ್ಲ. ಚುಚ್ಚಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಒಂದು ವಾರ ಕಳೆದ ಮೇಲೆ ಕೆಲವು ಮಕ್ಕಳಿಗೆ ಜ್ವರ ಬರುತ್ತದೆ, ಮೈಮೇಲೆ ಸಣ್ಣ ಕೆಂಪು ಗುಳ್ಳೆಗಳೂ ಏಳಬಹುದು. ಅದನ್ನು ಮನೆಯವರಿಗೆ ಮೊದಲೇ ಹೇಳಿಟ್ಟಿರಿ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ನನ್ನ ವ್ಯಾಪ್ತಿಯಲ್ಲಿ ಒಂದೇ ಓಣಿಯ ಕೆಲವು ಮನೆಗಳವರು ಲಸಿಕೆ ಬೇಡವೆನ್ನುತ್ತಾರೆ. ಉಳಿದವರೆಲ್ಲ ಹಾಕಿಸಿರುವಾಗ ಇಷ್ಟು ಮನೆಗಳಿಂದ ಊರಿಗೇನಾಗುತ್ತದೆ ಎಂದು ಅವರು ಕೇಳಿದರೆ ಏನು ಹೇಳಬೇಕು?
– ಓದುಗರು, ರಾಯಚೂರು ಜಿಲ್ಲೆ

ಉತ್ತರ: ಯಾರಿಗೂ ರಕ್ಷಣೆಯಿಲ್ಲದ ಕಡೆ ದಡಾರದ ಒಬ್ಬ ರೋಗಿ ಸರಾಸರಿ 12ರಿಂದ 18 ಜನರಿಗೆ ಸೋಂಕು ಹಚ್ಚುತ್ತಾನೆ. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ವೈರಸ್ ಎರಡು ಗಂಟೆಯವರೆಗೂ ಉಳಿಯಬಲ್ಲದು. ಆದ್ದರಿಂದಲೇ ನೂರಕ್ಕೆ ತೊಂಬತ್ತೈದು ಮಂದಿಗೆ ಎರಡೂ ಡೋಸ್ ಆಗಿರಬೇಕೆಂಬ ಗುರಿಯಿದೆ. ಇಲ್ಲಿ ತಾಲ್ಲೂಕಿನ ಸರಾಸರಿ ನಮ್ಮನ್ನು ಮೋಸಗೊಳಿಸುತ್ತದೆ. ಲಸಿಕೆ ಆಗದ ಮನೆಗಳು ಊರಲ್ಲೆಲ್ಲ ಚದುರಿದ್ದರೆ ಅಪಾಯ ಕಡಿಮೆ. ನಿಮ್ಮಲ್ಲಿರುವ ಹಾಗೆ ಒಂದೇ ಓಣಿಯಲ್ಲಿ ಒತ್ತೊತ್ತಾಗಿದ್ದರೆ ಕಾಯಿಲೆಗೆ ಅಷ್ಟೇ ಸಾಕು. ಅದೇ ಓಣಿಯಲ್ಲಿ ಇನ್ನೂ ಒಂಬತ್ತು ತಿಂಗಳು ತುಂಬದ ಕೂಸುಗಳಿರುತ್ತವೆ. ಅವುಗಳ ಪರವಾಗಿ ಯಾರೂ ಬೇಕು-ಬೇಡ ಹೇಳಿರುವುದಿಲ್ಲ.

ಆದರೆ ಅಂಕಿ-ಅಂಶಗಳಿಂದ ಯಾರ ಮನಸ್ಸೂ ಬದಲಾಗುವುದಿಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕ, ತಮಿಳುನಾಡು ಸೇರಿದಂತೆ ಐದು ಕಡೆ ದಡಾರ-ರುಬೆಲ್ಲಾ ಅಭಿಯಾನ ಶುರುವಾದಾಗಲೂ ವಾಟ್ಸ್‌ಆ್ಯಪ್ ವದಂತಿಗಳು ಪೋಷಕರನ್ನು ಹೆದರಿಸಿದ್ದವು. ಅದಕ್ಕೂ ಹಿಂದೆ, ಪೋಲಿಯೋ ಹನಿಯಿಂದ ಮಕ್ಕಳಾಗುವುದಿಲ್ಲವೆಂಬ ಪುಕಾರು ಉತ್ತರ ಪ್ರದೇಶದಲ್ಲಿ ವರ್ಷಗಟ್ಟಲೆ ಕಾಡಿತು. ಅಲ್ಲಿ ಫಲ ಕೊಟ್ಟದ್ದು ಪೋಸ್ಟರುಗಳಿಗಿಂತ ಹೆಚ್ಚಾಗಿ, ಅದೇ ಬಡಾವಣೆಯ ಹೆಣ್ಣುಮಕ್ಕಳು ಮತ್ತೆ ಮತ್ತೆ ಬಾಗಿಲು ತಟ್ಟಿದ್ದು, ಧಾರ್ಮಿಕ ಮುಖಂಡರು ಜೊತೆಗೆ ಬಂದದ್ದು. ದೇಶದ ಕೊನೆಯ ಕಾಡು ಪೋಲಿಯೋ (ನಿಸರ್ಗದಲ್ಲಿರುವ ವೈರಸ್‌ನಿಂದಲೇ ಬರುವ ಪೋಲಿಯೋ) ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ದಾಖಲಾಯಿತು.

ಹಾಗಾಗಿ ಆ ಮನೆಗಳಲ್ಲಿ ಮೊದಲು ನೀವು ಮಾತಾಡಬೇಡಿ, ಅವರ ಕಿವಿಗೆ ಏನು ಬಿದ್ದಿದೆಯೆಂದು ಕೇಳಿ. ಒಬ್ಬರಿಗೆ ಬಂಜೆತನದ ಭಯವಿದ್ದರೆ ಇನ್ನೊಬ್ಬರಿಗೆ ಕೂಲಿ ತಪ್ಪುವ ಚಿಂತೆಯಿರಬಹುದು. ಇಬ್ಬರಿಗೂ ಒಂದೇ ಭಾಷಣ ಒಪ್ಪಿಸಿದರೆ ಪ್ರಯೋಜನವಿಲ್ಲ. ರೇಷನ್ ನಿಲ್ಲಿಸುತ್ತಾರೆಂದು ಹೆದರಿಸುವ ಹಳೆಯ ಚಾಳಿಯನ್ನಂತೂ ಬಿಟ್ಟುಬಿಡಬೇಕು. ಆ ಬೆದರಿಕೆಯೇ ಮುಂದಿನ ವದಂತಿಗೆ ಸಾಕ್ಷಿಯಾಗುತ್ತದೆ.

ಪ್ರಶ್ನೆ: ಮಗನಿಗೆ ಮೂರು ವರ್ಷ. ಕಳೆದ ಬೇಸಿಗೆಯಲ್ಲಿ ದಡಾರ ಬಂದು ಹೋಗಿದೆ, ಇನ್ನು ಲಸಿಕೆ ಬೇಡವೆಂದು ಊರಿನವರು ಹೇಳುತ್ತಾರೆ. ಒಂದು ಡೋಸ್ ಕೂಡ ಆಗಿಲ್ಲ. ಈಗ ಹಾಕಿಸಬಹುದೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಹಾಕಿಸಲೇಬೇಕು. ಮೈಮೇಲೆ ಕೆಂಪು ಗುಳ್ಳೆ ಎದ್ದದ್ದೆಲ್ಲ ದಡಾರವಲ್ಲ. ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಖಚಿತವಾಗಿ ಹೇಳಲಾಗದು. ಬಂದದ್ದು ದಡಾರವೇ ಆಗಿದ್ದರೂ ರುಬೆಲ್ಲಾದಿಂದ ಅದು ರಕ್ಷಿಸುವುದಿಲ್ಲ, ಮತ್ತು ಒಮ್ಮೆ ಕಾಯಿಲೆ ಬಂದವರಿಗೆ ಲಸಿಕೆ ಕೊಟ್ಟರೆ ತೊಂದರೆಯೂ ಇಲ್ಲ. ಐದು ವರ್ಷದವರೆಗೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಹಾಕುತ್ತಾರೆ. ಎರಡು ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ವಾರಗಳ ಅಂತರವಿರಲಿ. ತಾಯಿ ಕಾರ್ಡ್ ಕಳೆದುಹೋಗಿದ್ದರೂ ಅದಕ್ಕೆಂದು ಕಾಯದೆ ಮಗುವನ್ನು ಕರೆದುಕೊಂಡು ಹೋಗಿ.