ಪ್ರತಿಕ್ರಿಯೆ: ಗದಗದ ಸುತ್ತ ಕಾಡುಹೂ, ಮೊಬೈಲ್ ಫೋಟೋ

ನಮಸ್ಕಾರ. ಗದಗದ ಹತ್ತಿರ ಕಾಡುಹೂ ಯಾವಾಗ ಸಿಗುತ್ತವೆ, ಮೊಬೈಲ್‌ನಲ್ಲಿ ಹಳದಿ ಹೂ ಯಾಕೆ ಬರೀ ಬಣ್ಣದ ಮುದ್ದೆಯಾಗಿ ಬರುತ್ತದೆ ಅಂತ ಕೇಳಿದ್ದೀರಿ.

ಮೊದಲು ಮುದ್ದೆಯ ವಿಷಯ. ತಂಗಡಿ ಹೂವಿನಲ್ಲಿ ನನಗೂ ಹಾಗೇ ಆಗುತ್ತಿತ್ತು. ಫೋನ್ ಬೆಳಕು ಜಾಸ್ತಿ ಮಾಡಿಬಿಡುತ್ತದೆ, ಎಸಳಿನ ಗೆರೆಗಳೆಲ್ಲ ಮಾಯ. ಫೋನ್ ಪರದೆಯಲ್ಲಿ ಕಾಣುವ ಹೂವಿನ ಮೇಲೆ ಬೆರಳಿಟ್ಟು ಫೋಕಸ್ ಮಾಡಿ, ಅಲ್ಲೇ ಬೆಳಕನ್ನು ಸ್ವಲ್ಪ ಕಡಿಮೆ ಮಾಡಿ. ಮಧ್ಯಾಹ್ನದ ಬಿಸಿಲಲ್ಲಿ ತೆಗೆಯಲೇಬೇಡಿ.

ಗದಗದ ಹತ್ತಿರದ ಬೆಟ್ಟಸಾಲು ಕಪ್ಪತಗುಡ್ಡಕ್ಕೆ ಹೋಗುವುದಾದರೆ ಆಗಸ್ಟ್, ಸೆಪ್ಟೆಂಬರ್ ಒಳ್ಳೇದು. ಗೌರಿ ಹಬ್ಬದ ಆಸುಪಾಸಿನಲ್ಲಿ ಬೇಲಿ, ಪೊದೆಗಳ ಮೇಲೆ ಗೌರಿ ಹೂ ನೋಡಿ. ಎಲೆಯ ತುದಿಯೇ ಬಳ್ಳಿಯ ಕೈ, ಪಕ್ಕದ ಗಿಡವನ್ನು ಸುತ್ತಿ ಹಿಡಿದಿರುತ್ತದೆ. ಆರು ಎಸಳು ಮೇಲಕ್ಕೆ ಮಡಚಿರುತ್ತವೆ: ಬುಡ ಹಳದಿ, ತುದಿ ಕೆಂಪು. ಹಳೇದಾದಂತೆ ಪೂರ್ತಿ ಕೆಂಪು. ಮೇಲಿಂದ ತೆಗೆದರೆ ಏನೂ ಸಿಗಲ್ಲ. ಕೂತು, ಪಕ್ಕದಿಂದ ತೆಗೆಯಿರಿ, ಅಡ್ಡಕ್ಕೆ ಚಾಚಿದ ಕೇಸರಗಳು ಆಗ ಕಾಣುತ್ತವೆ. ಇಡೀ ಗಿಡವೇ ವಿಷ, ಗಡ್ಡೆಯಂತೂ ಇನ್ನೂ ಜಾಸ್ತಿ. ಮಕ್ಕಳಿದ್ದರೆ ಮುಟ್ಟಲು ಬಿಡಬೇಡಿ.

ಗಾಳಿಯೇ ಅಲ್ಲಿನ ದೊಡ್ಡ ಕಾಟ. ಗುಡ್ಡದ ಮೇಲೆ ಸುಮ್ನೆ ಗಾಳಿಯಂತ್ರ ನೆಟ್ಟಿದ್ದಾರಾ? ಬೆಳಗ್ಗೆ ಬೇಗ ಹೋಗಿ, ಒಂದು ಹೂವಿಗೆ ಹತ್ತು ಫೋಟೋ ಒತ್ತಿ, ಒಂದಾದರೂ ಅಲುಗದೆ ಬರುತ್ತದೆ.

ಫೆಬ್ರುವರಿ, ಮಾರ್ಚ್‌ನಲ್ಲಿ ಮುತ್ತುಗ. ಎಲೆ ಉದುರಿದ ಮರ, ಬರೀ ಕೇಸರಿ ಹೂ.

ಹಾಂ, ಕಪ್ಪತಗುಡ್ಡ ಈಗ ವನ್ಯಜೀವಿ ಧಾಮ. ದಾರಿ ಬಿಟ್ಟು ಒಳಗೆ ನುಗ್ಗುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿ. ಹೂ ಕೀಳಬೇಡಿ.