ನಿಮ್ಮ ಪ್ಯಾರಡೈಮ್ ಶೀರ್ಷಿಕೆಯಲ್ಲೇ ಇದೆ

ಓದುಗರ ಪತ್ರ: ಎಂ.ಎಡ್. ಪ್ರಬಂಧಕ್ಕೆ ‘ಒಂದನೇ ತರಗತಿ ಮಕ್ಕಳ ಓದಿನ ಮೇಲೆ ನಲಿ-ಕಲಿಯ ಪರಿಣಾಮ’ ಎಂಬ ವಿಷಯ ಆರಿಸಿಕೊಂಡಿದ್ದೇನೆ (ನಲಿ-ಕಲಿ ಎಂದರೆ ಮಕ್ಕಳು ಗುಂಪುಗಳಲ್ಲಿ ಕೂತು, ಕಾರ್ಡುಗಳ ಮೂಲಕ ತಮ್ಮ ವೇಗದಲ್ಲೇ ಕಲಿಯುವ ಪದ್ಧತಿ). ಎರಡು ಸರ್ಕಾರಿ ಶಾಲೆ, ಎರಡು ಖಾಸಗಿ ಶಾಲೆ, ಒಟ್ಟು 120 ಮಕ್ಕಳು. ಪೂರ್ವ ಪರೀಕ್ಷೆ, ಉತ್ತರ ಪರೀಕ್ಷೆ, ಆಮೇಲೆ ಎರಡು ಗುಂಪುಗಳ ಸರಾಸರಿ ಹೋಲಿಸುವ ಟಿ-ಪರೀಕ್ಷೆ. ಐವರು ಶಿಕ್ಷಕರ ಸಂದರ್ಶನ ಸೇರಿಸಿದರೆ ಅಂಕಿ, ಮಾತು ಎರಡನ್ನೂ ಬಳಸುವ ಮಿಶ್ರ ವಿಧಾನವಾಗುತ್ತದೆ ಎನ್ನುತ್ತಾರೆ. ಕೈಯಲ್ಲಿರುವುದು ನಾಲ್ಕು ತಿಂಗಳು. ಪ್ಯಾರಡೈಮ್, ಅಂದರೆ ಸಂಶೋಧನೆಯ ಹಿಂದಿನ ಮೂಲ ನಿಲುವಿನ ಬಗ್ಗೆ ಒಂದು ಅಧ್ಯಾಯ ಬಾಕಿಯಿದೆ. ಅದರಲ್ಲಿ ಏನು ಬರೆಯಲಿ?

ಸಂಪಾದಕರ ಉತ್ತರ:

ಅಧ್ಯಾಯದ ಮಾತು ಆಮೇಲೆ. ಮೊದಲು ನಿಮ್ಮ ಶೀರ್ಷಿಕೆಯ ‘ಪರಿಣಾಮ’ ಎಂಬ ಪದ ನೋಡಿ. ಅದನ್ನು ಬರೆದಾಗಲೇ ನೀವು ಪಾಸಿಟಿವಿಸ್ಟ್ ನಿಲುವು ಒಪ್ಪಿಕೊಂಡಿರಿ: ಓದು ಅಳೆಯಬಹುದಾದ ವಸ್ತು, ನಲಿ-ಕಲಿ ಅದಕ್ಕೆ ಕಾರಣ, ಸಂಶೋಧಕರು ಹೊರಗೆ ನಿಂತು ನೋಡುವವರು. ತಪ್ಪೇನಿಲ್ಲ. ಆದರೆ ನಲಿ-ಕಲಿ ಇಲ್ಲದಿದ್ದರೆ ಇದೇ ಮಕ್ಕಳು ಹೇಗೆ ಓದುತ್ತಿದ್ದರು ಎಂದು ತೋರಿಸುವ ಹೊಣೆಯೂ ಆಗ ನಿಮ್ಮದೇ.

ತೊಡಕು ಇಲ್ಲೇ ಶುರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ಋಷಿವ್ಯಾಲಿ ಶಾಲೆಯ ಪ್ರೇರಣೆಯಿಂದ ಆರಂಭವಾದ ನಲಿ-ಕಲಿ 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು. ನಿಯಂತ್ರಿತ ಗುಂಪಿಗೆ, ಅಂದರೆ ಹೋಲಿಸಿ ನೋಡಲು ನಲಿ-ಕಲಿ ಇಲ್ಲದ ಮಕ್ಕಳಿಗಾಗಿ, ನೀವು ಖಾಸಗಿ ಶಾಲೆಗೆ ಹೋದದ್ದು ಇದೇ ಕಾರಣಕ್ಕಿರಬೇಕು. ಆದರೆ ಅಲ್ಲಿನ ಮಗುವಿಗೆ ಎಲ್‌ಕೆಜಿ, ಯುಕೆಜಿ ಆಗಿರುತ್ತದೆ, ಸಂಜೆ ಟ್ಯೂಷನ್ ಇರಬಹುದು, ಮನೆಯಲ್ಲಿ ಓದಿಸುವವರೂ ಇರಬಹುದು. ಉತ್ತರ ಪರೀಕ್ಷೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ನಲಿ-ಕಲಿಯ ಪಾಲೆಷ್ಟು, ಮನೆಯ ಪಾಲೆಷ್ಟು ಎಂದು ಯಾವ ಟಿ-ಪರೀಕ್ಷೆಯೂ ಬಿಡಿಸಿಕೊಡುವುದಿಲ್ಲ.

ಇನ್ನು 120ರ ಲೆಕ್ಕ. ಒಂದೇ ಶಾಲೆಯ ಮಕ್ಕಳಿಗೆ ಟೀಚರ್ ಒಬ್ಬರೇ, ಕೋಣೆ ಒಂದೇ, ಊರೂ ಒಂದೇ. ಹಾಗಾಗಿ ಅವರ ಅಂಕಗಳು ಒಂದಕ್ಕೊಂದು ಹೋಲುತ್ತವೆ. ಅಂಕಗಳ ಒಟ್ಟು ವ್ಯತ್ಯಾಸದಲ್ಲಿ ಶಾಲೆಯ ಪಾಲು 0.2 ಎಂದಿಟ್ಟುಕೊಳ್ಳಿ. ಶಾಲೆಗೆ 30 ಮಕ್ಕಳಿದ್ದರೆ 1 + (30 − 1) × 0.2, ಅಂದರೆ 6.8 ಪಟ್ಟು ಮಕ್ಕಳು ಬೇಕು. ನಿಮ್ಮ 120ನ್ನು ಇದರಿಂದ ಭಾಗಿಸಿದರೆ ಸುಮಾರು 18. ಬಿಡಿಬಿಡಿಯಾಗಿ ಆರಿಸಿದ 18 ಮಕ್ಕಳು ಕೊಡುವಷ್ಟೇ ಮಾಹಿತಿ ನಿಮ್ಮ ಕೈಯಲ್ಲಿರುತ್ತದೆ, ಆದರೆ ಟಿ-ಪರೀಕ್ಷೆ 120 ಎಂದೇ ನಂಬಿ ‘ಸಾರ್ಥಕ ವ್ಯತ್ಯಾಸ’, ಅಂದರೆ ಆಕಸ್ಮಿಕವಲ್ಲದ ವ್ಯತ್ಯಾಸ, ಎಂದುಬಿಡುತ್ತದೆ. ಅರ್ಧ ಮಾನಕ ವಿಚಲನೆಯಷ್ಟು (ಅಂಕಗಳ ಚದುರುವಿಕೆಯ ಅಳತೆಯ ಅರ್ಧದಷ್ಟು) ವ್ಯತ್ಯಾಸವನ್ನು ಶೇ 5ರ ಸಾರ್ಥಕತಾ ಮಟ್ಟದಲ್ಲಿ, ಶೇ 80ರ ಸಾಧ್ಯತೆಯೊಂದಿಗೆ ಹಿಡಿಯಲು ಸಾಮಾನ್ಯವಾಗಿ ಗುಂಪಿಗೆ 64 ಮಕ್ಕಳು ಸಾಕು. ಇಲ್ಲಿ ಅದರ 6.8 ಪಟ್ಟು, ಸುಮಾರು 435 ಬೇಕು, ಅಂದರೆ ಒಂದೊಂದು ಕಡೆಗೂ 15 ಶಾಲೆ. ಪೂರ್ವ ಪರೀಕ್ಷೆಯ ಅಂಕವನ್ನು ಲೆಕ್ಕಕ್ಕೆ ತಂದರೆ ಸಂಖ್ಯೆ ತಗ್ಗೀತು, ಆದರೆ ನಾಲ್ಕಕ್ಕಂತೂ ಇಳಿಯದು.

ಪರೀಕ್ಷಾ ಸಾಧನದ್ದು ಇನ್ನೂ ಸೂಕ್ಷ್ಮ. ನಲಿ-ಕಲಿ ಮಗು ‘ಅ, ಆ, ಇ, ಈ’ಯಿಂದ ಶುರು ಮಾಡುವುದಿಲ್ಲ, ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಹೊರಡುತ್ತದೆ. ಅಷ್ಟರಲ್ಲೇ ಸರ, ಅರಸ, ದಸರ, ಗರಗಸ ಓದಬಲ್ಲದು. ಆ ಹಂತದಲ್ಲಿ ವರ್ಣಮಾಲೆಯ ಕ್ರಮದ ಪ್ರಶ್ನೆಪತ್ರಿಕೆ ಮುಂದಿಟ್ಟರೆ ‘ಇ’ ಬರದು ಎಂದು ಸೊನ್ನೆ ಬೀಳುತ್ತದೆ. ಪದವನ್ನೇ ಓದುವ ಮಗು ‘ಅಕ್ಷರ ಬಾರದ ಮಗು’ ಆಗಿಬಿಡುತ್ತದೆ. ದಯವಿಟ್ಟು ಈ ಅನ್ಯಾಯ ಆಗಗೊಡಬೇಡಿ. ಮೊದಲು ಮಗುವಿನ ಕಲಿಕೆ ದಾಖಲಿಸುವ ‘ಪ್ರಗತಿ ನೋಟ’ ತೆಗೆದು ಪ್ರತಿ ಮಗು ಯಾವ ಮೈಲಿಗಲ್ಲಿನಲ್ಲಿದೆ (ಕಲಿಕೆಯ ಯಾವ ಹಂತದಲ್ಲಿದೆ) ಎಂದು ಗುರುತಿಸಿ, ಪದಗಳನ್ನು ಆಮೇಲೆ ಆರಿಸಿ.

ನಿಮ್ಮ ಬಳಿ ಇರುವ ನಾಲ್ಕು ತಿಂಗಳಿಗೆ, ನಮ್ಮ ಮಟ್ಟಿಗೆ, ಬೇರೆ ಪ್ರಶ್ನೆಯೇ ಒಗ್ಗುತ್ತದೆ: ‘ಗೆಳೆಯರ ಬೆಂಬಲಿತ ತಟ್ಟೆಯಲ್ಲಿ ಕುಳಿತ ಮಕ್ಕಳು ಕಾರ್ಡನ್ನು ಹೇಗೆ ಓದುತ್ತಾರೆ?’ (ತಟ್ಟೆ ಎಂದರೆ ನಲಿ-ಕಲಿಯ ಗುಂಪು. ಈ ಗುಂಪಿನಲ್ಲಿ ಮಕ್ಕಳು ಗೆಳೆಯರ ನೆರವಿನಿಂದ ಕಲಿಯುತ್ತಾರೆ.) ಇದು ಅರ್ಥ ಹುಡುಕುವ ನಿಲುವು. ಹಾಗಾದಾಗ ವಿನ್ಯಾಸವೇ ಬದಲಾಗುತ್ತದೆ. ನಾಲ್ಕು ಶಾಲೆ ಬೇಡ, ಒಂದೇ ಸಾಕು. ಆದರೆ ವಾರಕ್ಕೆ ಮೂರು ದಿನ, ಎಂಟು ವಾರ ಹೋಗಬೇಕು. ಮೊದಲ ವಾರದ ಟಿಪ್ಪಣಿಯನ್ನು ನೆಚ್ಚಬೇಡಿ, ಮಕ್ಕಳು ಇನ್ನೂ ನಿಮ್ಮನ್ನೇ ನೋಡುತ್ತಿರುತ್ತಾರೆ. ಪುಟದ ಎಡಕ್ಕೆ ಕಂಡದ್ದು, ಬಲಕ್ಕೆ ನಿಮ್ಮ ಊಹೆ. ‘ಮಗು ಗೊಂದಲಗೊಂಡಿತು’ ಎಂಬುದು ಬಲಕ್ಕೆ ಹೋಗಬೇಕು. ‘ಚಿತ್ರದ ಮೇಲೆ ಬೆರಳಿಟ್ಟು ಗರಗಸ ಎಂದಳು, ಚಿತ್ರ ಮುಚ್ಚಿದಾಗ ಪಕ್ಕದವಳ ಬಾಯಿ ನೋಡಿದಳು’ ಎಂಬುದು ಎಡಕ್ಕೆ. 40 ನಿಮಿಷದ ಟಿಪ್ಪಣಿಯನ್ನು ಬಿಡಿಸಿ ಬರೆಯಲು ಅದೇ ಸಂಜೆ ಎರಡು ಗಂಟೆ ಇಟ್ಟುಕೊಳ್ಳಿ, ಮರುದಿನಕ್ಕೆ ಅರ್ಧ ಮರೆತಿರುತ್ತದೆ. ಇಲ್ಲಿ ಶೂನ್ಯ ಪ್ರಾಕ್ಕಲ್ಪನೆಗೆ, ಅಂದರೆ ‘ವ್ಯತ್ಯಾಸವೇ ಇಲ್ಲ’ ಎಂದಿಟ್ಟುಕೊಂಡು ಪರೀಕ್ಷಿಸುವುದಕ್ಕೆ, ಜಾಗವಿಲ್ಲ. ಪರೀಕ್ಷಕರು ಕೇಳಿದರೆ ಹಾಗೆಂದೇ ಧೈರ್ಯವಾಗಿ ಹೇಳಿ. 1985ರಲ್ಲಿ ಸಂಶೋಧನಾ ವಿಧಾನಗಳ ವಿದ್ವಾಂಸರಾದ ಲಿಂಕನ್ ಮತ್ತು ಗೂಬಾ ಈ ಬಗೆಯ ಅಧ್ಯಯನಕ್ಕೆ ಬೇರೆಯದೇ ಅಳತೆಗೋಲು ಕೊಟ್ಟರು. ನಿಮ್ಮ ಅರ್ಥೈಸುವಿಕೆಯನ್ನು ಆ ತರಗತಿಯ ಟೀಚರ್‌ಗೆ ತೋರಿಸಿ, ಅವರು ಒಪ್ಪದ್ದನ್ನೂ ಪ್ರಬಂಧದಲ್ಲಿ ದಾಖಲಿಸುವುದು ಅದರಲ್ಲೊಂದು.

ಐದು ಸಂದರ್ಶನ ಅಂಟಿಸಿದರೆ ಮಿಶ್ರ ವಿಧಾನ ಆಗುವುದಿಲ್ಲ. ‘ನಲಿ-ಕಲಿ ಉಪಯುಕ್ತವೇ ಮೇಡಂ?’ ಎಂದು ಕೇಳಿದರೆ ಇಲಾಖೆಯಿಂದ ಬಂದವರೆಂದುಕೊಂಡು ಎಲ್ಲರೂ ಹೌದೆನ್ನುತ್ತಾರೆ. ಒಂದು ವಿಧಾನದ ಫಲಿತಾಂಶ ಇನ್ನೊಂದರ ಹೆಜ್ಜೆ ನಿರ್ಧರಿಸಿದರೆ ಮಾತ್ರ ಅದು ಮಿಶ್ರಣ. ಪರೀಕ್ಷೆಯಲ್ಲಿ ಹಿಂದುಳಿದ ಆರು ಮಕ್ಕಳ ಪ್ರಗತಿ ನೋಟ ಹಿಡಿದುಕೊಂಡು ಹೋಗಿ, ‘ಈ ಹುಡುಗ ಇದೇ ಮೈಲಿಗಲ್ಲಿನಲ್ಲಿ ಮೂರು ವಾರ ನಿಂತಿದ್ದಾನಲ್ಲ, ಏನಾಯಿತು?’ ಎಂದು ಕೇಳಿ. ಆಗ ಮಾತು ಬರುತ್ತದೆ.

ಪ್ರಯೋಗವೇ ಬೇಕೆಂದು ಹಟವಿದ್ದರೆ ನಲಿ-ಕಲಿಯನ್ನು ಅಳೆಯಲು ಹೋಗಬೇಡಿ. ನಲಿ-ಕಲಿ ಶಾಲೆಗಳನ್ನೇ ಚೀಟಿ ಎತ್ತಿ ಎರಡು ಮಾಡಿ, ಒಂದು ಗುಂಪಿಗೆ ಮಾತ್ರ ದಿನಕ್ಕೆ 20 ನಿಮಿಷ ಕಥೆ ಓದಿ ಹೇಳುವುದನ್ನು ಸೇರಿಸಿ, ಅದನ್ನು ಅಳೆಯಿರಿ. ಆದರೆ ಮೇಲೆ ಹೇಳಿದ 30 ಶಾಲೆ ಒಬ್ಬರ ಕೈಲಾಗುವ ಕೆಲಸವಲ್ಲ.

ಪ್ಯಾರಡೈಮ್ ಅಧ್ಯಾಯಕ್ಕೆ ಎರಡು ಪುಟ ಸಾಕು. ವಾದಗಳ ಹುಟ್ಟು-ಬೆಳವಣಿಗೆಯನ್ನು ಪಠ್ಯಪುಸ್ತಕದಿಂದ ಇಳಿಸಬೇಡಿ. ನಿಮ್ಮ ಅಧ್ಯಯನದಲ್ಲಿ ‘ಓದು’ ಎಂದರೆ ಏನು, ಅದಕ್ಕೆ ಯಾವುದನ್ನು ಸಾಕ್ಷ್ಯವೆಂದು ಒಪ್ಪುತ್ತೀರಿ, ಆ ತರಗತಿಯಲ್ಲಿ ನೀವು ಎಲ್ಲಿ ಕೂತಿರುತ್ತೀರಿ ಎಂಬ ಮೂರನ್ನು ಬರೆಯಿರಿ. ಕ್ಷೇತ್ರಕ್ಕೆ ಹೊರಡುವ ಮುಂಚೆಯೇ ಬರೆದು ಮಾರ್ಗದರ್ಶಕರಿಗೆ ತೋರಿಸಿ.