ಕಾರವಾರದ ಮಳೆಗಾಲದಲ್ಲಿ ಮಾಡೆಲ್ ಕಾರಿಗೆ ಹೊಡೆದ ಗ್ಲಾಸಿ ವಾರ್ನಿಶ್ ಬೆಳ್ಳಗಾಗುವುದೇಕೆ?

ಕಾರಣ ಗಾಳಿಯ ತೇವ. ಲ್ಯಾಕರ್ ವಾರ್ನಿಶ್‌ನ ಥಿನ್ನರ್, ಅಂದರೆ ಅದನ್ನು ತೆಳುಮಾಡುವ ದ್ರಾವಕ, ಬೇಗ ಆವಿಯಾಗುತ್ತದೆ, ಆಗುವಾಗ ಮಾಡೆಲ್‌ನ ಮೈಯ ಶಾಖವನ್ನೂ ಎಳೆದುಕೊಳ್ಳುತ್ತದೆ. ತಣ್ಣಗಾದ ಆ ಮೈಮೇಲೆ ಕಡಲ ಗಾಳಿಯ ನೀರಾವಿ ಹನಿಗಟ್ಟಿ, ಇನ್ನೂ ಹಸಿಯಿರುವ ಪದರದೊಳಗೇ ಸಿಕ್ಕಿಕೊಳ್ಳುತ್ತದೆ. ಈ ಸಣ್ಣ ಹನಿಗಳು ಬೆಳಕನ್ನು ಚದುರಿಸುವುದರಿಂದ ಮಂಜು ಮುಸುಕಿದಂತೆ ಕಾಣುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆ ಹೊಳವಾದರೂ ತೇವ ಇಳಿಯುವುದಿಲ್ಲ. ಕಾಯಲು ಸಾಧ್ಯವಿದ್ದರೆ ಡಿಸೆಂಬರ್‌ವರೆಗೆ ಕಾಯುವುದೇ ಮೇಲು. ಆಗದಿದ್ದರೆ ನೀರು ಆಧಾರಿತ ಅಕ್ರಿಲಿಕ್ ವಾರ್ನಿಶ್ ಬಳಸಿ. ಒಣಗಲು ತಡ, ಆದರೆ ಹೀಗೆ ಬಿಳಿಚುವುದು ಕಡಿಮೆ. ಲ್ಯಾಕರೇ ಬೇಕೆಂದರೆ ರಿಟಾರ್ಡರ್, ಅಂದರೆ ನಿಧಾನ ಆರುವ ಥಿನ್ನರ್, ಬೆರೆಸಿ.

ನುಣುಪು ಬರುವುದು ಪದರ ಗಟ್ಟಿಯಾಗುವ ಮೊದಲು ತಾನಾಗಿ ಸಮತಟ್ಟಾದರೆ ಮಾತ್ರ. ಸ್ಪ್ರೇ ಕ್ಯಾನ್ 15–20 ಸೆಂ.ಮೀ. ದೂರವಿರಲಿ. ಹತ್ತು ಹತ್ತು ನಿಮಿಷ ಬಿಟ್ಟು ಎರಡು ತೆಳು ಪದರ, ಆಮೇಲೆ ಒದ್ದೆಯಾಗಿ ಹೊಳೆಯುವಂತೆ ಒಂದು. ದೂರ ಹೆಚ್ಚಾದರೆ ಹನಿ ದಾರಿಯಲ್ಲೇ ಒಣಗಿ ಮರಳುಕಾಗದದಂತೆ ಒರಟಾಗುತ್ತದೆ, ತೀರ ಹತ್ತಿರವಾದರೆ ಸೋರುತ್ತದೆ.

ಈಗಾಗಲೇ ಬೆಳ್ಳಗಾಗಿದ್ದರೆ ಉಜ್ಜಬೇಡಿ. ಒಣಹವೆಯ ದಿನ ರಿಟಾರ್ಡರ್ ಬೆರೆಸಿದ ಥಿನ್ನರನ್ನು ಗಾಳಿಯೊತ್ತಡದಿಂದ ಬಣ್ಣ ಹೊಡೆಯುವ ಪುಟ್ಟ ಉಪಕರಣವಾದ ಏರ್‌ಬ್ರಷ್‌ನಲ್ಲಿ ಹಗುರಾಗಿ ಸಿಂಪಡಿಸಿ. ಪದರ ಮೆತ್ತಗಾಗಿ ತೇವ ಹೊರಹೋಗುತ್ತದೆ.